ಸರ್ವರ್‌ನಲ್ಲಿ ಕೆಟ್ಟ ಡಿಸ್ಕ್ ಬದಲಿಸುವುದು ಹೇಗೆ? ಮೊದಲು ಸೊನ್ನೆಯಿಂದ ಎಣಿಸಿ

ಉಂಡೆ ಕೊಬ್ಬರಿ ಮಾಡುವವರು ಅಟ್ಟದಿಂದ ಒಂದು ಕಾಯಿ ಇಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗೊಟಗೊಟ ಸದ್ದು ಬಂದರೆ ಕೊಬ್ಬರಿ ಕರಟ ಬಿಟ್ಟಿದೆ, ಇನ್ನು ಒಡೆಯಬಹುದು. ತಿಪಟೂರು ಕಡೆಯ ಮಕ್ಕಳಿಗೂ ಇದು ಗೊತ್ತು. ಹಾರ್ಡ್ ಡಿಸ್ಕ್ ವಿಷಯದಲ್ಲಿ ಮಾತ್ರ ಕಿವಿ ನಂಬಿದರೆ ಕೆಟ್ಟಿರಿ. ಡಿಸ್ಕ್‌ನಿಂದ ಟಿಕ್ ಟಿಕ್ ಎಂದು ಸದ್ದು ಬರುವ ಹೊತ್ತಿಗೆ ಅದರ ಕಥೆ ಮುಗಿದಿರುತ್ತದೆ.

ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರದ ಕಡೆ ಎಷ್ಟೋ ಸಣ್ಣ ಕಾರ್ಖಾನೆಗಳಲ್ಲಿ ಒಂದು ಸರ್ವರ್ ಇರುತ್ತದೆ. ಬಿಲ್ಲು, ಸ್ಟಾಕು, ಸಂಬಳ, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲಾ ಅದರ ಹೊಟ್ಟೆಯಲ್ಲೇ. ಅದನ್ನು ನೋಡಿಕೊಳ್ಳುವವರು ಒಬ್ಬರೇ. ಪ್ರಿಂಟರ್ ಸಿಕ್ಕಿಕೊಂಡರೂ ಅವರನ್ನೇ ಕರೆಯುತ್ತಾರೆ, ವೈಫೈ ಹೋದರೂ ಅವರನ್ನೇ ಬೈಯುತ್ತಾರೆ. ಈ ಬರಹ ಅಂಥವರಿಗಾಗಿ. ಡಿಸ್ಕ್ ತೆಗೆದು ಹಾಕುವ ಕೆಲಸ ಐದು ನಿಮಿಷದ್ದು. ಅದಕ್ಕೂ ಮುಂಚಿನ ಎರಡು ಗಂಟೆಯಲ್ಲೇ ಎಲ್ಲಾ ಇದೆ.

ಕಾಯಿಲೆ ಯಾರಿಗೆ?

ಮೊದಲ ಸೂಚನೆ ಸಾಮಾನ್ಯವಾಗಿ ದೀಪ. ಸರ್ವರ್ ಮುಂದೆ ಸಾಲಾಗಿರುವ ಡಿಸ್ಕ್‌ಗಳಲ್ಲಿ ಒಂದರ ಹಸಿರು ದೀಪ ಹಳದಿಯೋ ಕೆಂಪೋ ಆಗಿರುತ್ತದೆ. ಕೆಲವು ಸರ್ವರ್‌ಗಳಲ್ಲಿ ರೇಡ್ ಕಾರ್ಡ್, ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಬೋರ್ಡ್, ಕುಂಯ್ ಕುಂಯ್ ಎಂದು ಕೂಗುತ್ತದೆ. ನಾನು ಕಂಡ ಒಂದು ಕಡೆ ಯುಪಿಎಸ್ ಕೂಗುತ್ತಿದೆ ಎಂದುಕೊಂಡು ಮೂರು ದಿನ ಬಾಗಿಲು ಮುಚ್ಚಿಟ್ಟಿದ್ದರು. ಸದ್ದು ಕೇಳದ ಹಾಗೆ!

ದೀಪ ನೋಡಿದ ತಕ್ಷಣ ಡಿಸ್ಕ್‌ಗೆ ಕೈ ಹಾಕಬೇಡಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಸಾಟಾ ಡಿಸ್ಕ್ (ಮನೆ ಕಂಪ್ಯೂಟರ್‌ಗಳಲ್ಲೂ ಇರುವ ಜಾತಿ) ಆದರೆ ಅದರಲ್ಲಿ ನಾಲ್ಕು ಸಾಲು ನೋಡಿದರೆ ಸಾಕು. 5ನೇ ನಂಬರ್, ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಹೋದ ಸೆಕ್ಟರ್‌ಗಳ ಲೆಕ್ಕ. ಸೆಕ್ಟರ್ ಅಂದರೆ ಡಿಸ್ಕ್ ಮೇಲೆ ಮಾಹಿತಿ ಬರೆಯುವ ಚಿಕ್ಕ ತುಂಡು. 197, ಓದಲು ಕಷ್ಟವಾಗಿ ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳು. 198, ಓದಲು ಆಗಲೇ ಇಲ್ಲ ಎಂದು ಕೈಚೆಲ್ಲಿದವು. ಈ ಮೂರರಲ್ಲಿ ಸೊನ್ನೆ ಇದ್ದರೆ ಒಳ್ಳೆಯ ಸೂಚನೆ. ಏನಾದರೂ ಇದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ. ನಾಲ್ಕನೆಯದು 199. ಇದೊಂದೇ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದ್ದು ಅಥವಾ ಕನೆಕ್ಟರ್‌ನದ್ದು. ಒಳ್ಳೆ ಡಿಸ್ಕ್ ಎಸೆದು, ಹೊಸದು ಹಾಕಿ, ಅದೂ ಕೆಟ್ಟಿತಲ್ಲಾ ಎಂದು ತಲೆ ಚಚ್ಚಿಕೊಂಡವರಿದ್ದಾರೆ. ಸರ್ವರ್‌ಗಳಿಗೆಂದೇ ಇರುವ ಇನ್ನೊಂದು ಜಾತಿ, ಸ್ಯಾಸ್ ಡಿಸ್ಕ್‌ಗಳಲ್ಲಿ ಈ ನಂಬರ್‌ಗಳು ಇರುವುದಿಲ್ಲ. ಅಲ್ಲಿ ಆಮೇಲೆ ಹುಟ್ಟಿಕೊಂಡ ದೋಷಗಳ ಪಟ್ಟಿಯನ್ನೂ ಸರಿಪಡಿಸಲಾಗದ ತಪ್ಪುಗಳ ಸಂಖ್ಯೆಯನ್ನೂ ನೋಡಬೇಕು.

ರೇಡ್ ಯಾವುದು ಎಂದು ತಿಳಿದುಕೊಳ್ಳಿ

1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಟ್ಜ್ ಎಂಬ ಮೂವರು ಒಂದು ಪ್ರಬಂಧ ಬರೆದರು. ದುಬಾರಿಯ ಒಂದೇ ದೊಡ್ಡ ಡಿಸ್ಕ್ ಯಾಕೆ, ಅಗ್ಗದ ಡಿಸ್ಕ್‌ಗಳನ್ನೇ ಒಟ್ಟು ಸೇರಿಸಿ ಒಂದು ಸತ್ತರೂ ನಡೆಯುವ ಹಾಗೆ ಮಾಡಬಹುದಲ್ಲಾ ಎಂಬುದು ಅವರ ವಾದ. ರೇಡ್ ಎಂಬ ಹೆಸರು ಅಲ್ಲಿಂದ ಬಂತು. ನಮ್ಮ ಊರ ಭಾಷೆಯಲ್ಲಿ ಇದು ಕೂಡು ಕುಟುಂಬ. ಒಬ್ಬರು ಮಲಗಿದರೆ ಉಳಿದವರು ಅವರ ಕೆಲಸವನ್ನೂ ಎಳೆಯುತ್ತಾರೆ. ಎಷ್ಟು ಜನ ಮಲಗುವ ತನಕ ಎಳೆಯಬಲ್ಲರು ಎಂಬುದೇ ಪ್ರಶ್ನೆ.

ರೇಡ್ 1ರಲ್ಲಿ ಎರಡು ಡಿಸ್ಕ್‌ಗಳಲ್ಲೂ ಒಂದೇ ಮಾಹಿತಿ, ಒಂದು ಹೋದರೆ ಇನ್ನೊಂದಿದೆ. ರೇಡ್ 5ರಲ್ಲಿ ಎಷ್ಟೇ ಡಿಸ್ಕ್ ಇರಲಿ, ಒಂದು ಹೋದರೆ ತಡೆಯುತ್ತದೆ, ಎರಡನೆಯದು ಹೋದರೆ ಎಲ್ಲಾ ಹೋಯಿತು. ರೇಡ್ 6 ಎರಡರ ತನಕ ತಡೆಯುತ್ತದೆ. ರೇಡ್ 10ರಲ್ಲಿ ಪ್ರತಿ ಜೋಡಿಯಲ್ಲಿ ಒಂದೊಂದು ಹೋದರೂ ಸರಿ, ಒಂದೇ ಜೋಡಿಯ ಎರಡೂ ಹೋಗಬಾರದು. ರೇಡ್ 0 ಎಂದು ಬರೆದಿದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ ಬ್ಯಾಕಪ್ ಎಲ್ಲಿದೆ ಎಂದು ಹುಡುಕಿ. ಅದರಲ್ಲಿ ಯಾವ ರಕ್ಷಣೆಯೂ ಇಲ್ಲ.

ಹಾಟ್ ಸ್ಪೇರ್ ಇದೆಯಾ ಎಂದೂ ನೋಡಿ. ಸುಮ್ನೆ ಕಾದು ಕುಳಿತಿರುವ ಡಿಸ್ಕ್ ಅದು. ಒಂದು ಕೆಟ್ಟ ಕೂಡಲೇ ಅದರ ಜಾಗಕ್ಕೆ ತಾನೇ ಸೇರಿಕೊಳ್ಳುತ್ತದೆ. ಅದು ಸೇರಿ ಕೆಲಸ ಮುಗಿಸಿದ್ದರೆ ನೀವು ಹೊಸ ಡಿಸ್ಕನ್ನು ಬಿಡುವಾದಾಗ ಹಾಕಬಹುದು.

ಬ್ಯಾಕಪ್ ಇದೆ ಅಂದರೆ ಸಾಲದು

ಹೊಸ ಡಿಸ್ಕ್ ಹಾಕಿದ ಮೇಲೆ ರೀಬಿಲ್ಡ್ ನಡೆಯುತ್ತದೆ. ರೇಡ್ 5, 6ರಲ್ಲಿ ಉಳಿದ ಡಿಸ್ಕ್‌ಗಳನ್ನೆಲ್ಲಾ ಮೊದಲಿಂದ ಕೊನೆಯ ತನಕ ಓದಿ, ಲೆಕ್ಕ ಹಾಕಿ, ಹೊಸದಕ್ಕೆ ಬರೆಯಬೇಕು. ಆ ಉಳಿದ ಡಿಸ್ಕ್‌ಗಳೂ ಹೆಚ್ಚಾಗಿ ಒಂದೇ ದಿನ ಕೊಂಡವು, ಒಂದೇ ಬಿಸಿಯಲ್ಲಿ ಅಷ್ಟೇ ವರ್ಷ ತಿರುಗಿದವು. ಅವುಗಳಿಗೂ ವಯಸ್ಸಾಗಿದೆ. ಎರಡನೆಯ ಡಿಸ್ಕ್ ಬೀಳುವುದಿದ್ದರೆ ಈ ಸಮಯದಲ್ಲೇ ಬೀಳುತ್ತದೆ. ಆದ್ದರಿಂದ ಹಳೆಯದನ್ನು ಮುಟ್ಟುವ ಮೊದಲೇ ಬ್ಯಾಕಪ್ ತೆಗೆದುಕೊಳ್ಳಿ, ಅದರಿಂದ ಒಂದು ಫೈಲನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ತೆರೆದು ನೋಡಿ. ತೆರೆಯಿತಾ? ಹಾಗಾದರೆ ಬ್ಯಾಕಪ್ ಇದೆ.

ಸರಿಯಾದ ಡಿಸ್ಕ್ ತರುವುದು

ವಾರಂಟಿಯೋ ಎಎಂಸಿಯೋ (ವರ್ಷದ ರಿಪೇರಿ ಒಪ್ಪಂದ) ಇದ್ದರೆ ಈ ತಲೆನೋವು ನಿಮ್ಮದಲ್ಲ. ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಫೋನ್ ಮಾಡುವ ಮುಂಚೆ ಹಳೆಯ ಡಿಸ್ಕ್‌ನ ಮಾಡೆಲ್ ನಂಬರ್, ಪಾರ್ಟ್ ನಂಬರ್ ಬರೆದುಕೊಳ್ಳಿ. ಸಾಟಾ ಇದ್ದ ಜಾಗಕ್ಕೆ ಸಾಟಾ, ಸ್ಯಾಸ್ ಇದ್ದ ಜಾಗಕ್ಕೆ ಸ್ಯಾಸ್. ಹಿಡಿಯುವ ಮಾಹಿತಿ ಅಷ್ಟೇ ಅಥವಾ ಜಾಸ್ತಿ ಇರಬೇಕು, ಒಂದು ಚೂರು ಕಡಿಮೆಯಾದರೂ ರೇಡ್ ಒಪ್ಪುವುದಿಲ್ಲ. ಸೆಕ್ಟರ್ 512 ಬೈಟ್‌ನದ್ದೋ 4,096 ಬೈಟ್‌ನದ್ದೋ ಎಂದೂ ಕೇಳಿ, ಹಳೆಯದಕ್ಕೆ ಹೊಂದಬೇಕು.

ಅಂಗಡಿಯವರು "ಇದೇ ಹಾಕಿ ಸರ್, ಅರ್ಧ ರೇಟು" ಎಂದು ಮನೆ ಕಂಪ್ಯೂಟರ್‌ನ ಡಿಸ್ಕ್ ತೋರಿಸಿದರೆ ಒಪ್ಪಬೇಡಿ. ಸರ್ವರ್ ಡಿಸ್ಕ್ ಒಂದು ಸೆಕ್ಟರ್ ಓದಲು ಆಗದಿದ್ದರೆ ಸಾಮಾನ್ಯವಾಗಿ 7 ಸೆಕೆಂಡ್ ಒಳಗೆ ಆಗಲ್ಲ ಎಂದು ಹೇಳಿಬಿಡುತ್ತದೆ. ರೇಡ್ ಕಾರ್ಡ್ ಆ ಮಾಹಿತಿಯನ್ನು ಬೇರೆ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ತೆಗೆದುಕೊಳ್ಳುತ್ತದೆ. ಮನೆಬಳಕೆಯ ಡಿಸ್ಕ್ ಹಾಗಲ್ಲ, ಹಠ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕಾದು ಕಾದು ಸುಸ್ತಾದ ಕಾರ್ಡ್ ಅದನ್ನು ಸತ್ತಿದೆ ಎಂದು ಹೊರಗೆ ಹಾಕುತ್ತದೆ. ಎಸ್‌ಎಂಆರ್ ಜಾತಿಯ ಡಿಸ್ಕ್ ಕೂಡ ಬೇಡ. ಅದರಲ್ಲಿ ಹಂಚು ಜೋಡಿಸಿದ ಹಾಗೆ ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಹತ್ತಿರುತ್ತದೆ. ಒಂದನ್ನು ಬದಲಿಸಲು ಪಕ್ಕದ್ದನ್ನೂ ಮತ್ತೆ ಬರೆಯಬೇಕಾಗಿ ರೀಬಿಲ್ಡ್ ತೆವಳುತ್ತದೆ. ಗೆರೆಗಳು ಬಿಡಿಬಿಡಿಯಾಗಿರುವ ಸಿಎಂಆರ್ ಕೇಳಿ ಪಡೆಯಿರಿ.

ಬಸ್ಸಿನಲ್ಲಿ ತರುವುದಾದರೆ ಮಡಿಲಲ್ಲಿ ಇಟ್ಟುಕೊಳ್ಳಿ. ಡಿಕ್ಕಿಯಲ್ಲಿ ಬೇಡ.

ಎಳೆಯುವ ಮುಂಚೆ ಎಣಿಸಿ

ಈಗ ನನ್ನ ಮರ್ಯಾದೆ ಹೋದ ಕಥೆ. ಒಂದು ಶುಕ್ರವಾರ, ಒಂದು ಕಾರ್ಖಾನೆ, ನಾಲ್ಕು ಡಿಸ್ಕ್‌ಗಳ ರೇಡ್ 5. ಬೆಳಿಗ್ಗೆ ಹತ್ತೂವರೆಗೆ ಹೋದೆ. "ಸ್ವಲ್ಪ ತಡೀರಿ ಸ್ವಾಮಿ, ರಾಹುಕಾಲ ಕಳೀಲಿ" ಎಂದರು ಲೆಕ್ಕ ಬರೆಯುವ ಹಿರಿಯರು. ಹನ್ನೆರಡರ ತನಕ ಕಾದೆವು, ಕಾಫಿಯೂ ಆಯಿತು. ಸ್ಲಾಟ್ (ಡಿಸ್ಕ್ ಕೂರುವ ಗೂಡು) 2ರ ಡಿಸ್ಕ್ ಫೇಲ್ ಎಂದು ಕಾರ್ಡ್‌ನ ಲಾಗ್ ಹೇಳುತ್ತಿತ್ತು. ದೀಪಗಳ ಮೇಲೆ ಧೂಳು ಕೂತು ಬಣ್ಣ ತಿಳಿಯುತ್ತಿರಲಿಲ್ಲ. ಎಡದಿಂದ ಒಂದು, ಎರಡು ಎಂದು ಎಣಿಸಿ ಎರಡನೆಯದನ್ನು ಎಳೆದೆ.

ಕಾರ್ಡ್ ಎಣಿಸುವುದು ಸೊನ್ನೆಯಿಂದ. 0, 1, 2, 3. ನಾನು ಎಳೆದಿದ್ದು ಸ್ಲಾಟ್ 1, ಚೆನ್ನಾಗಿದ್ದ ಡಿಸ್ಕ್. ರೇಡ್ 5ರಲ್ಲಿ ಎರಡನೆಯದು ಹೋದಂತಾಯಿತು. ಹೊರಗಿನಿಂದ "ಅಣ್ಣ, ಬಿಲ್ಲಿಂಗ್ ನಿಂತೋಯ್ತು" ಎಂದು ಕೂಗು.

ಆ ಡಿಸ್ಕನ್ನೇ ವಾಪಸ್ ಹಾಕಿ, ಕಾರ್ಡ್‌ಗೆ ಅದರ ಹಳೆಯ ಗುರುತನ್ನು ಒಪ್ಪಿಸಿ, ಸಂಜೆಯ ಹೊತ್ತಿಗೆ ಸರ್ವರ್ ಎದ್ದಿತು. ಆದರೆ ಆ ಬೆಳಗಿನ ಎಂಟ್ರಿಗಳು ಹಾಳಾಗಿದ್ದವು. ಹಿಂದಿನ ರಾತ್ರಿಯ ಟ್ಯಾಲಿ ಬ್ಯಾಕಪ್ ಇತ್ತು, ಉಳಿದದ್ದನ್ನು ಬಿಲ್ ಪುಸ್ತಕದ ಕಾರ್ಬನ್ ಕಾಪಿ ನೋಡಿ ಮತ್ತೆ ಹೊಡೆದರು. ಹಿರಿಯರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಗುರುತು ಹಿಡಿಯಲು ಎಣಿಕೆಯೊಂದನ್ನೇ ನಂಬಬೇಡಿ. ಕಾರ್ಡ್‌ನ ಸಾಫ್ಟ್‌ವೇರ್‌ನಲ್ಲಿ ಲೊಕೇಟ್ ಎಂಬ ಆಜ್ಞೆ ಇರುತ್ತದೆ. ಅದನ್ನು ಕೊಟ್ಟರೆ ಆ ಸ್ಲಾಟ್‌ನ ದೀಪ ಬೇರೆ ಥರ ಮಿನುಗುತ್ತದೆ. ಜೊತೆಗೆ ಕೆಟ್ಟ ಡಿಸ್ಕ್‌ನ ಸೀರಿಯಲ್ ನಂಬರ್ ಬರೆದುಕೊಳ್ಳಿ. ಹೊರಗೆ ತೆಗೆದ ಮೇಲೆ ನೋಡಿ ಏನು ಪ್ರಯೋಜನ ಎನ್ನಬೇಡಿ. ಕೊಂಡ ದಿನವೇ ಡಿಸ್ಕ್ ಕೂರಿಸಿದ ಟ್ರೇ ಮೇಲೆ ಸ್ಲಾಟ್ ನಂಬರ್, ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಅಂಟಿಸಿದ್ದರೆ ಈ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಲೊಕೇಟ್ ದೀಪವೇ ಕೆಟ್ಟಿದ್ದರೆ ಇನ್ನೊಂದು ಉಪಾಯ ಇದೆ. ದೊಡ್ಡ ಫೈಲ್ ಒಂದನ್ನು ಕಾಪಿ ಮಾಡಲು ಬಿಡಿ. ಒಳ್ಳೆ ಡಿಸ್ಕ್‌ಗಳ ದೀಪ ಪಟಪಟ ಮಿನುಗುತ್ತವೆ. ಹೊರಬಿದ್ದ ಡಿಸ್ಕ್‌ನದ್ದು ಮಿನುಗುವುದಿಲ್ಲ.

ತೆಗೆದು ಹಾಕುವುದು

ಇದು ಬೇಗ ಮುಗಿಯುತ್ತದೆ. ಮುಂಭಾಗದಿಂದ ಟ್ರೇ ಎಳೆಯುವ ಹಾಟ್‌ಸ್ವಾಪ್ ಸರ್ವರ್ ಆದರೆ ಆಫ್ ಮಾಡಬೇಡಿ. ಮೇಲಿನ ಮುಚ್ಚಳ ತೆಗೆದು ಕೇಬಲ್ ಬಿಚ್ಚುವ ಜಾತಿಯದ್ದಾದರೆ ಆಫ್ ಮಾಡಲೇಬೇಕು. ಕಾರ್ಡ್ ತಾನೇ ಡಿಸ್ಕನ್ನು ಫೇಲ್ ಎನ್ನದೆ ಸೂಚನೆ ಮಾತ್ರ ಕೊಟ್ಟಿದ್ದರೆ, ಮೊದಲು ಸಾಫ್ಟ್‌ವೇರ್‌ನಿಂದ ಅದನ್ನು ಆಫ್‌ಲೈನ್ ಮಾಡಿ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಆದರೆ ಫೇಲ್, ರಿಮೂವ್, ಹೊಸದು ಹಾಕಿದ ಮೇಲೆ ಆಡ್, ಇದೇ ಕ್ರಮ.

ಮೈಯ ಸ್ಟ್ಯಾಟಿಕ್ ಕರೆಂಟು ಡಿಸ್ಕ್‌ಗೆ ಹೊಡೆಯದ ಹಾಗೆ ಕೈಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಇಲ್ಲದಿದ್ದರೆ ರ‍್ಯಾಕ್‌ನ ಬಣ್ಣವಿಲ್ಲದ ಲೋಹ ಮುಟ್ಟಿ. ಲಾಚ್ ಒತ್ತಿ ಟ್ರೇಯನ್ನು ಒಂದು ಇಂಚು ಮಾತ್ರ ಹೊರಗೆಳೆದು ಅರ್ಧ, ಒಂದು ನಿಮಿಷ ಬಿಡಿ. ಒಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತವೆ. ಆಗಲೇ ಕೈಗೆತ್ತಿಕೊಂಡರೆ ಡಿಸ್ಕ್ ಬುಗುರಿಯ ಹಾಗೆ ಕೈಯಲ್ಲಿ ತಿರುಚುತ್ತದೆ, ಒಮ್ಮೆ ಅನುಭವಿಸಿದವರಿಗೆ ಗೊತ್ತು. ತಿರುಗುವುದು ನಿಂತ ಮೇಲೆ ಪೂರ್ತಿ ಎಳೆದು ಸೀರಿಯಲ್ ನಂಬರ್ ನೋಡಿ. ಸರಿ ಇದೆಯಾ? ಟ್ರೇಯ ನಾಲ್ಕು ಸ್ಕ್ರೂ ಬಿಚ್ಚಿ ಹೊಸ ಡಿಸ್ಕ್ ಕೂರಿಸಿ, ಅದೇ ಸ್ಕ್ರೂಗಳನ್ನೇ ಹಾಕಿ. ಟ್ರೇಯನ್ನು ಒಂದೇ ಸಮನೆ ಒಳಗೆ ತಳ್ಳಿ, ಲಾಚ್ ಟಕ್ ಎನ್ನುವ ತನಕ.

ರೀಬಿಲ್ಡ್ ಎಂಬ ಕಾಯುವಿಕೆ

ಕೆಲವು ಕಾರ್ಡ್‌ಗಳು ತಾವೇ ರೀಬಿಲ್ಡ್ ಶುರು ಮಾಡುತ್ತವೆ, ಕೆಲವಕ್ಕೆ ಹೇಳಬೇಕು. ಹೊಸ ಡಿಸ್ಕ್ ಫಾರಿನ್ ಎಂದು ತೋರಿಸಿದರೆ ಅದು ಬೇರೆ ಸರ್ವರ್‌ನಲ್ಲಿ ಬಳಸಿದ ಡಿಸ್ಕ್. ಹೊಸದೆಂದು ಮಾರಿದವರನ್ನು ಆಮೇಲೆ ವಿಚಾರಿಸಿಕೊಳ್ಳಿ, ಮೊದಲು ಆ ಡಿಸ್ಕ್‌ನ ಹಳೆಯ ಗುರುತು ಅಳಿಸಿ. ಇಲ್ಲಿ ಇಂಪೋರ್ಟ್ ಒತ್ತಬೇಡಿ, ಕ್ಲಿಯರ್ ಒತ್ತಿ. ನನ್ನ ಕಥೆಯಲ್ಲಿ ಇಂಪೋರ್ಟ್ ಒತ್ತಿದ್ದು ಅದು ಅದೇ ಸರ್ವರ್‌ನ ಡಿಸ್ಕ್ ಆಗಿದ್ದರಿಂದ.

8 ಟಿಬಿ ಡಿಸ್ಕ್‌ಗೆ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಬರೆದರೂ ಸುಮಾರು 15 ಗಂಟೆ ಬೇಕು. ಜನ ಕೆಲಸ ಮಾಡುತ್ತಿದ್ದರೆ ಒಂದೆರಡು ದಿನವೂ ಆಗಬಹುದು. ಅದಕ್ಕೇ ಶನಿವಾರ ಸಂಜೆ ಶುರು ಮಾಡುವುದು ಜಾಣತನ. ಈ ಅವಧಿಯಲ್ಲಿ ರೀಸ್ಟಾರ್ಟ್ ಬೇಡ, ಅಪ್‌ಡೇಟ್ ಬೇಡ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಮುಂಚೆಯೇ ನೋಡಿಕೊಳ್ಳಿ, ಜನರೇಟರ್‌ಗೆ ಡೀಸೆಲ್ ಇದೆಯಾ ಎಂದು ಕೇಳಿ. ಎಸಿ ಕೆಲಸ ಮಾಡಲಿ. ಸರ್ವರ್ ಎಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿ ಒಳಗಿದ್ದರೆ ಒಳ್ಳೆಯದು. ಧೂಳು ಕೂಡ ಒರೆಸಿ. ಅಂದಹಾಗೆ, ಆಯುಧಪೂಜೆಯ ದಿನ ಕುಂಕುಮ ವಿಭೂತಿಯನ್ನು ರ‍್ಯಾಕ್‌ನ ಪಕ್ಕಕ್ಕೆ ಹಚ್ಚಿ. ಮುಂದಿನ ಜಾಲರಿಗೆ ಹಚ್ಚಿದರೆ ಫ್ಯಾನ್ ಅದನ್ನೆಲ್ಲಾ ಒಳಗೆ ಎಳೆದುಕೊಳ್ಳುತ್ತದೆ.

ರೀಬಿಲ್ಡ್ ಮುಗಿದ ಮೇಲೆ ರೇಡ್ ಆಪ್ಟಿಮಲ್, ಅಂದರೆ ಎಲ್ಲಾ ಸರಿ ಇದೆ ಎಂದು ತೋರಿಸಬೇಕು. ಡಿಸ್ಕ್‌ಗಳ ಮಾಹಿತಿ ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ನೋಡುವ ಕನ್ಸಿಸ್ಟೆನ್ಸಿ ಚೆಕ್ ಒಂದನ್ನು ಓಡಿಸಿ. ಉಳಿದ ಡಿಸ್ಕ್‌ಗಳ ಸ್ಮಾರ್ಟ್ ಲೆಕ್ಕ ಮತ್ತೊಮ್ಮೆ ನೋಡಿ, ಯಾಕೆಂದರೆ ಅವು ಈಗಷ್ಟೇ ಕಷ್ಟದ ಕೆಲಸ ಮಾಡಿ ಮುಗಿಸಿವೆ. ಇಮೇಲ್ ಎಚ್ಚರಿಕೆ ಆನ್ ಆಗಿಲ್ಲದಿದ್ದರೆ ಇವತ್ತೇ ಮಾಡಿ.

ಹಳೆಯ ಡಿಸ್ಕ್

ಅದನ್ನು ಗುಜರಿಗೆ ಹಾಕಬೇಡಿ. ಕೆಟ್ಟ ಡಿಸ್ಕ್‌ನಲ್ಲೂ ನಿಮ್ಮ ನೌಕರರ ಸಂಬಳ, ಆಧಾರ್ ನಂಬರ್, ಗ್ರಾಹಕರ ಲೆಕ್ಕ ಕುಳಿತಿರುತ್ತದೆ. ವಾರಂಟಿಗೆ ವಾಪಸ್ ಕೊಡಬೇಕಾದರೆ, ಡಿಸ್ಕ್ ನಮ್ಮಲ್ಲೇ ಇರಲಿ ಎಂಬ ಷರತ್ತು ಒಪ್ಪಂದದಲ್ಲಿ ಇದೆಯಾ ನೋಡಿ. ವಾಪಸ್ ಕೊಡಬೇಕಿಲ್ಲದಿದ್ದರೆ ಅಳಿಸುವುದಷ್ಟೇ ಸಾಲದು, ಕೆಟ್ಟ ಸೆಕ್ಟರ್‌ಗಳಿಗೆ ಅಳಿಸುವ ಸಾಫ್ಟ್‌ವೇರ್ ತಲುಪದೇ ಇರಬಹುದು. ಡ್ರಿಲ್ ಮಷಿನ್‌ನಿಂದ ತಟ್ಟೆಗಳ ಮೂಲಕ ಮೂರು ನಾಲ್ಕು ತೂತು ಹೊಡೆಸಿ. ಕನ್ನಡಕ ಹಾಕಿಕೊಂಡೇ ಹೊಡೆಸಿ, ಎರಡೂವರೆ ಇಂಚಿನ ಎಷ್ಟೋ ಡಿಸ್ಕ್‌ಗಳ ತಟ್ಟೆ ಗಾಜಿನದ್ದು, ಚೂರು ಸಿಡಿಯುತ್ತದೆ. ಆಮೇಲೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆಯವರಿಗೆ ಕೊಟ್ಟು ರಸೀದಿ ಪಡೆಯಿರಿ. ರಸೀದಿಯ ಹಿಂದೆ ಡಿಸ್ಕ್‌ನ ಸೀರಿಯಲ್ ನಂಬರ್, ಸ್ಲಾಟ್ ಮತ್ತು ತೆಗೆದ ದಿನ ಬರೆದು ಸರ್ವರ್ ಫೈಲ್‌ಗೆ ಸೇರಿಸಿ. ಹೊಸ ಡಿಸ್ಕ್‌ನ ಟ್ರೇಗೆ ಸ್ಟಿಕ್ಕರ್ ಅಂಟಿಸಿದಿರಿ ತಾನೇ?