ಹೊಸ ರೋಗ, ಹಳೆಯ ಪುಟಗಳು

ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಸಣ್ಣಪುಟ್ಟ ಆಪರೇಷನ್ನಿಗೋ ಸೇರುವ ಖಾಸಗಿ ಆಸ್ಪತ್ರೆ. ನಾನು ನರ್ಸ್ ಆಗಿ ದುಡಿಯುವ ಅಮೆರಿಕದಲ್ಲಿ ಅದೇ ಹೆಸರಿನ ಜಾಗದಲ್ಲಿ ವೃದ್ಧರು ವರ್ಷಗಟ್ಟಲೆ ವಾಸಿಸುತ್ತಾರೆ. ಅಲ್ಲಿನ ಫೆಡರಲ್ ನಿಯಮದ ಪ್ರಕಾರ ನಿವಾಸಿಯೊಬ್ಬರು ಸೇರಿದ 48 ಗಂಟೆಗಳೊಳಗೆ ಪ್ರಾಥಮಿಕ ಕೇರ್ ಪ್ಲಾನ್ (ಅವರನ್ನು ಹೇಗೆ ನೋಡಿಕೊಳ್ಳಬೇಕೆಂದು ಬರೆದಿಡುವ ಯೋಜನೆ), ಸಮಗ್ರ ಮೌಲ್ಯಮಾಪನ ಮುಗಿದ 7 ದಿನಗಳೊಳಗೆ ಪೂರ್ಣ ಕೇರ್ ಪ್ಲಾನ್ ಸಿದ್ಧವಾಗಬೇಕು. ಈ ಗಡುವುಗಳನ್ನು ಯಾರೂ ಮರೆಯುವುದಿಲ್ಲ, ಏಕೆಂದರೆ ಕಂಪ್ಯೂಟರೇ ನೆನಪಿಸುತ್ತದೆ. ಕೈತಪ್ಪಿ ಹೋಗುವುದು ನಡುವೆ ಯಾವುದೋ ಒಂದು ಮಧ್ಯಾಹ್ನ, ಹೊರಗಿನ ತಜ್ಞರ ಲಕೋಟೆಯಲ್ಲಿ ಬರುವ ಹೊಸ ರೋಗದ ಹೆಸರು.

ನಾನು ಚಾರ್ಜ್ ನರ್ಸ್, ಅಂದರೆ ಪಾಳಿಯ ಹೊಣೆ ಹೊತ್ತ ನರ್ಸ್, ಆಗಿದ್ದಾಗ ಎಂಬತ್ತು ದಾಟಿದ ನಿವಾಸಿಯೊಬ್ಬರು ಹೃದ್ರೋಗ ತಜ್ಞರನ್ನು ಕಂಡು ಅಂಥದೇ ಲಕೋಟೆಯೊಂದಿಗೆ ಮರಳಿದರು. ಹೃದಯದ ಬಡಿತ ಲಯತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಪತ್ತೆಯಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ಅಪಿಕ್ಸಬಾನ್ ಮಾತ್ರೆ ದಿನಕ್ಕೆ ಎರಡು ಬಾರಿ ಎಂದು ಬರೆದಿದ್ದರು. ನಾನು ಆರ್ಡರ್ ದಾಖಲಿಸಿದೆ, ಫಾರ್ಮಸಿಗೆ ತಿಳಿಸಿದೆ, ಮಗಳಿಗೆ ಫೋನ್ ಮಾಡಿದೆ, ರೋಗಗಳ ಪಟ್ಟಿಗೆ ಹೆಸರು ಸೇರಿಸಿದೆ. ಕೇರ್ ಪ್ಲಾನಿನಲ್ಲಿ ಹೊಸ ಪುಟ ತೆರೆದು, ಸಾಫ್ಟ್‌ವೇರಿನ ಸಿದ್ಧ ಸಾಲುಗಳಿಂದ ‘ರಕ್ತಸ್ರಾವದ ಅಪಾಯವಿದೆ, ಗಮನಿಸಿ’ ಎಂಬುದನ್ನು ಆರಿಸಿ, ಕೆಲಸ ಮುಗಿಯಿತೆಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ನರ್ಸಿಂಗ್ ಅಸಿಸ್ಟೆಂಟ್ ಅವರಿಗೆ ಎಂದಿನಂತೆ ಬ್ಲೇಡಿನ ರೇಜರ್‌ನಿಂದ ಕ್ಷೌರ ಮಾಡುವಾಗ ಗದ್ದದ ಕೆಳಗೆ ಅಕ್ಕಿಕಾಳಿನಷ್ಟು ಗಾಯವಾಯಿತು. ಒತ್ತಿ ಹಿಡಿದರೂ ರಕ್ತ ಜಿನುಗುವುದು ನಿಲ್ಲಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಆಕೆಯನ್ನು ಕೇಳಿದಾಗ ಜೇಬಿನಿಂದ ಮಡಚಿದ ಹಾಳೆ ತೆಗೆದು ತೋರಿಸಿದಳು. ‘ಸ್ನಾನದ ದಿನ ರೇಜರ್‌ನಿಂದ ಕ್ಷೌರ’ ಎಂದು ನಮ್ಮ ಪ್ಲಾನಿನಿಂದಲೇ ಅಚ್ಚಾಗಿತ್ತು. ತಪ್ಪು ಆಕೆಯದಾಗಿರಲಿಲ್ಲ. ನಾನು ಹೊಸ ಪುಟ ಬರೆದಿದ್ದೆನೇ ಹೊರತು ಹಳೆಯ ಪುಟಗಳನ್ನು ಓದಿರಲಿಲ್ಲ.

ಅಂದು ಸಂಜೆ ಇಡೀ ಪ್ಲಾನನ್ನು ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು, ಪ್ರತಿ ಸಾಲಿಗೂ ‘ಈ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಈಗಲೂ ಸರಿಯೇ?’ ಎಂದು ಕೇಳುತ್ತಾ ಹೋದೆ. ಮಂಡಿನೋವಿನ ಪುಟದಲ್ಲಿ ಬೇಕಾದಾಗ ಕೊಡಲು ಐಬುಪ್ರೊಫೆನ್ ಇತ್ತು. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ವೈದ್ಯರಿಗೆ ಫೋನ್ ಮಾಡಿ ಅದನ್ನು ನಿಲ್ಲಿಸಿ ಅಸೆಟಮಿನೊಫೆನ್ (ನಮ್ಮಲ್ಲಿ ಪ್ಯಾರಾಸಿಟಮಾಲ್) ಬರೆಸಿಕೊಂಡೆ. ಬೀಳುವ ಅಪಾಯದ ಪುಟದಲ್ಲಿ ‘ಬಿದ್ದರೆ ಗಾಯ ಪರೀಕ್ಷಿಸಿ’ ಎಂದಷ್ಟೇ ಇತ್ತು. ತಲೆಗೆ ಪೆಟ್ಟು ಬಿದ್ದರೆ, ಅಥವಾ ಬಿದ್ದದ್ದನ್ನು ಯಾರೂ ನೋಡದಿದ್ದರೆ, ನರಸಂಬಂಧಿ ಪರೀಕ್ಷೆಗಳನ್ನು ಆರಂಭಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕೆಂದು ತಿದ್ದಿದೆ. ಮಲ ಕಪ್ಪಾದರೆ ತಿಳಿಸಿ ಎಂದು ಬರೆಯಹೊರಟಾಗ ಅವರು ಕಬ್ಬಿಣಾಂಶದ ಮಾತ್ರೆಯನ್ನೂ ನುಂಗುತ್ತಿದ್ದದ್ದು ನೆನಪಾಯಿತು. ಅದರಿಂದಲೂ ಮಲ ಕಪ್ಪಾಗುತ್ತದೆ. ಹಾಗಾಗಿ ‘ಡಾಂಬರಿನಂತೆ ಅಂಟು, ಎಂದಿಗಿಂತ ಬೇರೆಯಾದ ದುರ್ವಾಸನೆ’ ಎಂದು ಬಿಡಿಸಿ ಬರೆದೆ. ಅಡುಗೆಮನೆಯವರಂತೂ ರಕ್ತ ತೆಳುವಾಗಿಸುವ ಮಾತ್ರೆ ಎಂದು ಕೇಳಿದ್ದೇ ಪಾಲಕ್ ಸೊಪ್ಪನ್ನು ಅವರ ತಟ್ಟೆಯಿಂದ ತೆಗೆದಿದ್ದರು. ಸೊಪ್ಪಿನ ಲೆಕ್ಕಾಚಾರ ಬೇಕಾಗುವುದು ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆಯಾದ ವಾರ್ಫರಿನ್‌ಗೆ, ಅಪಿಕ್ಸಬಾನ್‌ಗೆ ಅಲ್ಲ ಎಂದು ಡಯಟೀಷಿಯನ್ ಮೂಲಕ ಹೇಳಿಸಿ ಅದನ್ನು ವಾಪಸ್ ತರಿಸಿದೆ.

ಆಮೇಲಿನಿಂದ ಹೊಸ ರೋಗ ದಾಖಲಾದ ದಿನವೇ ಹೀಗೆ ಓದುವುದನ್ನು ಪದ್ಧತಿ ಮಾಡಿಕೊಂಡೆ. ರಾತ್ರಿ ಪಾಳಿಯಲ್ಲಿ ಬಂದದ್ದಾದರೆ ಮರುದಿನದ ಬೆಳಗಿನ ಸಭೆಯಲ್ಲಿ. ಹೊಸ ರೋಗ ಪತ್ತೆಯಾದ ಮಾತ್ರಕ್ಕೆ ಮತ್ತೆ ಸಮಗ್ರ ಮೌಲ್ಯಮಾಪನ ಬೇಕಾಗುವುದಿಲ್ಲ. ತಾನಾಗಿ ಸರಿಹೋಗದ, ಆರೋಗ್ಯದ ಒಂದಕ್ಕಿಂತ ಹೆಚ್ಚು ಅಂಶಗಳನ್ನು ತಟ್ಟುವ, ಪ್ಲಾನನ್ನು ತಂಡ ಮರುಪರಿಶೀಲಿಸಬೇಕಾಗುವಂಥ ಬದಲಾವಣೆ ಎಂದು ತೀರ್ಮಾನಿಸಿದರೆ, ಆ ತೀರ್ಮಾನದ ದಿನದಿಂದ 14 ದಿನಗಳೊಳಗೆ ಆ ಮೌಲ್ಯಮಾಪನವನ್ನು ಮುಗಿಸಬೇಕು. ಆದರೆ ಮೌಲ್ಯಮಾಪನ ಬೇಕಿಲ್ಲ ಎಂದರೆ ಪ್ಲಾನ್ ತಿದ್ದುವುದೂ ಬೇಕಿಲ್ಲ ಎಂದು ಎಷ್ಟೋ ಜನ ಅರ್ಥ ಮಾಡಿಕೊಳ್ಳುತ್ತಾರೆ. ಈ ಗೊಂದಲವನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ತಿದ್ದಿದ್ದು ಕಂಪ್ಯೂಟರಿನಲ್ಲೇ ಉಳಿದರೂ ಪ್ರಯೋಜನವಿಲ್ಲ. ಹಳೆಯ ಹಾಳೆಗಳು ಜೇಬುಗಳಲ್ಲಿ, ಬೀರುವಿನ ಬಾಗಿಲ ಒಳಮೈಯಲ್ಲಿ ಬದುಕಿರುತ್ತವೆ. ಮೂರೂ ಶಿಫ್ಟುಗಳಲ್ಲಿ ಅವನ್ನು ಕೈಯಾರೆ ಹಿಂಪಡೆದು ಹೊಸದನ್ನು ಕೊಡುತ್ತೇನೆ, ಏನು ಬದಲಾಯಿತೆಂದು ಬಾಯಿಬಿಟ್ಟು ಹೇಳುತ್ತೇನೆ.

ಪ್ಲಾನ್ ರೂಪಿಸುವ ತಂಡದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಇರಬೇಕು, ಸಾಧ್ಯವಾದಷ್ಟೂ ನಿವಾಸಿಯೂ ಭಾಗವಹಿಸಬೇಕು ಎಂದು ನಿಯಮವೇ ಹೇಳುತ್ತದೆ. ಹಾಗಾಗಿ ಬ್ಲೇಡಿನ ಬದಲು ಎಲೆಕ್ಟ್ರಿಕ್ ಟ್ರಿಮ್ಮರ್ ಎಂಬ ಪ್ರಸ್ತಾವವನ್ನು ಆ ಹಿರಿಯರ ಮುಂದೆಯೇ ಇಟ್ಟೆವು. ಅವರು ಖಡಾಖಂಡಿತವಾಗಿ ನಿರಾಕರಿಸಿದರು. ಯಂತ್ರದಲ್ಲಿ ಕ್ಷೌರ ಮಾಡಿಸಿಕೊಂಡರೆ ಮುಖ ತೊಳೆದಂತೆಯೇ ಅನಿಸುವುದಿಲ್ಲ ಎಂಬುದು ಅವರ ದೂರು. ಬಿಸಿನೀರಿನ ಟವೆಲ್ ಮೊದಲು, ಟ್ರಿಮ್ಮರ್ ಆಮೇಲೆ ಎಂದು ಆ ನರ್ಸಿಂಗ್ ಅಸಿಸ್ಟೆಂಟ್ ಸೂಚಿಸಿದಳು. ಯಂತ್ರ ತಮ್ಮ ಕೈಯಲ್ಲೇ ಇರಬೇಕೆಂಬ ಷರತ್ತಿನ ಮೇಲೆ ಅವರು ಒಪ್ಪಿದರು. ‘ಮೊದಲು ಬಿಸಿ ಟವೆಲ್, ಟ್ರಿಮ್ಮರ್ ಅವರೇ ಹಿಡಿಯುತ್ತಾರೆ, ಗದ್ದದ ಕೆಳಗೆ ಮಾತ್ರ ಸಹಾಯ’ ಎಂದು ಬರೆದು, ದಿನಾಂಕ ಹಾಕಿ, ಹಾಳೆಯನ್ನು ಮುದ್ರಣಕ್ಕೆ ಕಳಿಸಿದೆ.