ಶೀಟ್ ಮೆಟಲ್‌ನ ಶಿಯರ್ ಟೆಸ್ಟ್: ಪ್ರೆಸ್ ಶಾಪ್‌ನಲ್ಲಿ ಮಾಡುವುದು ಹೇಗೆ?

ಹೊಸ ಕಾಯಿಲ್ (ಸುರುಳಿ ಸುತ್ತಿದ ಶೀಟ್) ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಸಾಮಾನ್ಯವಾಗಿ ಟೆನ್ಸೈಲ್ (ಎಳೆತದ) ಲೆಕ್ಕ ಇರುತ್ತದೆ. ಆದರೆ ಬ್ಲಾಂಕಿಂಗ್ ಡೈ (ಬ್ಲಾಂಕ್, ಅಂದರೆ ಬೇಕಾದ ಆಕಾರದ ತುಂಡು ತೆಗೆಯುವ ಅಚ್ಚು) ಶೀಟನ್ನು ಎಳೆಯುವುದಿಲ್ಲ, ಕತ್ತರಿಸುತ್ತದೆ ಅಲ್ವಾ? ಶಿಯರ್ ಬಲವನ್ನೇ (ಕತ್ತರಿಸಿ ಹೋಗುವ ಮುನ್ನ ಪ್ರತಿ ಚದರ ಮಿ.ಮೀ. ತಡೆಯುವ ಲೋಡ್) ನೇರವಾಗಿ ಅಳೆಯುವುದು ಒಳ್ಳೆಯದು. ಅದಕ್ಕೆ ಬೇರೆ ಮೆಷಿನ್ ಬೇಕಿಲ್ಲ, ಮಾಮೂಲಿ ಯುಟಿಎಂ (ಎಳೆದು ಪರೀಕ್ಷಿಸುವ ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್) ಸಾಕು.

ಮೊದಲು ಸ್ಯಾಂಪಲ್. ಉದ್ದನೆಯ ಪಟ್ಟಿಯ ಎರಡೂ ಅಂಚಿನಿಂದ ನಡುಗೆರೆಯವರೆಗೆ ಒಂದೊಂದು ಸೀಳು ಹಾಕಿ. ಎರಡೂ ಎದುರುಬದುರು ಬೇಡ, ಒಂದು ಮೇಲೆ, ಒಂದು ಕೆಳಗೆ. ಪಟ್ಟಿಯನ್ನು ಎಳೆದಾಗ ಸೀಳುಗಳ ತುದಿಗಳ ನಡುವಿನ ಚಿಕ್ಕ ಜಾಗ ಶಿಯರ್ ಆಗುತ್ತದೆ. ತೆಳು ಅಲ್ಯೂಮಿನಿಯಂಗೆ ಇರುವ ಎಎಸ್‌ಟಿಎಂ ಬಿ831 ಮಾನದಂಡವೂ ಸೀಳು ಹಾಕಿದ ಪಟ್ಟಿಯನ್ನೇ ಬಳಸುತ್ತದೆ.

ಸೀಳುಗಳನ್ನು ವೈರ್‌ಕಟ್‌ನಲ್ಲೇ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವ ಮೆಷಿನ್) ಮಾಡಿಸಿ. ಪಂಚ್ ಮಾಡಿದರೆ ಅಂಚು ಗಟ್ಟಿಯಾಗುತ್ತದೆ, ಬರ್ (ಅಂಚಿನ ಚೂಪು ಮುಳ್ಳು) ಏಳುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗಬಹುದು. ಶೀಟ್ ತೆಳುವಾದಷ್ಟೂ ತುದಿಗಳ ಅಂತರ ಕಡಿಮೆ ಇರಲಿ, ಇಲ್ಲದಿದ್ದರೆ ಸುಕ್ಕುಗಟ್ಟುತ್ತದೆ. ರೋಲಿಂಗ್ ದಿಕ್ಕನ್ನು (ಶೀಟ್ ತಯಾರಾಗುವಾಗ ರೋಲರ್‌ನಿಂದ ಹೊರಬಂದ ದಿಕ್ಕು) ಪಟ್ಟಿಯ ಮೇಲೆ ಗುರುತು ಹಾಕಿ.

ಜಾಸ್ತಿ ಜನ ಎಡವುವುದು ಲೋಡ್ ಸೆಲ್‌ನಲ್ಲಿ (ಮೆಷಿನ್‌ನಲ್ಲಿ ಲೋಡ್ ಅಳೆಯುವ ಭಾಗ). ಅಂತರ 5 ಮಿ.ಮೀ., ದಪ್ಪ 1 ಮಿ.ಮೀ. ಎಂದುಕೊಳ್ಳಿ. ಶಿಯರ್ ಆಗುವುದು ಬರೀ 5 ಚದರ ಮಿ.ಮೀ. ಶಿಯರ್ ಬಲ 300 ಎಂಪಿಎ (ಚದರ ಮಿ.ಮೀ.ಗೆ 300 ನ್ಯೂಟನ್) ಇದ್ದರೂ ಬರುವ ಲೋಡ್ 1,500 ನ್ಯೂಟನ್ ಅಷ್ಟೇ. 100 ಕಿಲೋನ್ಯೂಟನ್ ಸೆಲ್‌ಗೆ ಇದು ಅದರ ಸಾಮರ್ಥ್ಯದ ಶೇ. 1.5 ಮಾತ್ರ. ಆ ಓದನ್ನು ನಂಬಬೇಡಿ, 5 ಕಿಲೋನ್ಯೂಟನ್ ಸೆಲ್ ಹಾಕಿಸಿ.

ಗ್ರಿಪ್‌ನಲ್ಲಿ ಪಟ್ಟಿ ನೆಟ್ಟಗೆ ಕೂರಲಿ, ಎಳೆತ ನಿಧಾನವಾಗಿರಲಿ. ಗರಿಷ್ಠ ಲೋಡನ್ನು ಆ ಚಿಕ್ಕ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಶಿಯರ್ ಬಲ ಸಿಗುತ್ತದೆ. ಶೀಟ್ ಎಷ್ಟು ಜರುಗಿತು ಎಂಬುದನ್ನು ಮಾತ್ರ ಮೆಷಿನ್‌ನ ಚಲನೆ ನೋಡಿ ಹೇಳಬೇಡಿ, ಅದರಲ್ಲಿ ಗ್ರಿಪ್ ಜಾರಿದ್ದೂ ಸೇರಿರುತ್ತದೆ. ಲ್ಯಾಬ್‌ಗಳಲ್ಲಿ ಬಿಳಿ ಬಣ್ಣದ ಮೇಲೆ ಕಪ್ಪು ಚುಕ್ಕೆ ಸಿಂಪಡಿಸಿ ಕ್ಯಾಮೆರಾದಲ್ಲಿ ಅಳೆಯುತ್ತಾರೆ. ನಮ್ಮ ಶಾಪ್‌ಗಳಿಗೆ ಸುಲಭದ ದಾರಿ: ಶಿಯರ್ ಜಾಗಕ್ಕೆ ಅಡ್ಡಲಾಗಿ ತೆಳು ಗೆರೆ ಎಳೆದು, ಅದು ಎಷ್ಟು ಓರೆಯಾಯಿತು ಎಂದು ಫೋಟೋದಲ್ಲಿ ನೋಡಿ. ಗೆರೆ 45 ಡಿಗ್ರಿ ಓರೆಯಾದರೆ ಶಿಯರ್ ಸ್ಟ್ರೇನ್ (ಶಿಯರ್‌ನಿಂದ ಆಕಾರ ಬದಲಾದ ಪ್ರಮಾಣ) ಸುಮಾರು 1.

ತುಂಡಾದ ಮೇಲೆ ಲೆನ್ಸ್ ಹಿಡಿದು ನೋಡಲೇಬೇಕು. ಬಿರುಕು ಸೀಳಿನ ತುದಿಯಿಂದ ಹೊರಟು ಪಕ್ಕಕ್ಕೆ ಹರಿದಿದ್ದರೆ ಅದು ಶುದ್ಧ ಶಿಯರ್ ಅಲ್ಲ. ಆ ಫಲಿತಾಂಶ ಬಿಡಿ, ಸೀಳಿನ ಆಕಾರ ಬದಲಿಸಿ.

ಆಕಾರ ಒಮ್ಮೆ ಸರಿಹೋಯಿತೆಂದರೆ ಮತ್ತೆ ಮುಟ್ಟಬೇಡಿ. ಪ್ರತಿ ಕಾಯಿಲ್‌ಗೂ ಅದೇ ಆಕಾರ, ಅದೇ ವೇಗ ಇದ್ದರೆ ಮಾತ್ರ ಹಿಂದಿನ ಕಾಯಿಲ್‌ಗೆ ಹೋಲಿಸಬಹುದು. ಇನ್ನು ಕತ್ತರಿಸಲು ಪ್ರೆಸ್‌ಗೆ ಬೇಕಾದ ಲೋಡ್‌ನ ಲೆಕ್ಕ ಸುಲಭ: ಬ್ಲಾಂಕ್‌ನ ಸುತ್ತಳತೆ, ದಪ್ಪ, ಶಿಯರ್ ಬಲ ಮೂರನ್ನೂ ಗುಣಿಸಿ. 50 ಮಿ.ಮೀ. ವ್ಯಾಸದ ಬ್ಲಾಂಕ್, 1 ಮಿ.ಮೀ. ಶೀಟ್, 300 ಎಂಪಿಎ ಇದ್ದರೆ ಸುಮಾರು 47 ಕಿಲೋನ್ಯೂಟನ್, ಅಂದರೆ ಐದು ಟನ್‌ಗೆ ತುಸು ಕಡಿಮೆ.