ಒಮೆಗಾ ಸೆಂಟಾರಿ ನೋಡಲು ಯಾವ ರಾತ್ರಿ, ಎಷ್ಟು ಗಂಟೆ?

ಏಪ್ರಿಲ್ ನಡುವೆ ಬರುವ ವಿಷುವಿನ ರಾತ್ರಿ ಎಂಟೂವರೆಗೆ ಬೈನಾಕ್ಯುಲರ್ ಹಿಡಿದು ಅಂಗಳಕ್ಕಿಳಿದು, ದಕ್ಷಿಣದ ಕಡೆ ತಡಕಾಡಿ, "ಎಂತದೂ ಇಲ್ಲ ಮಾರಾಯ್ರೆ" ಎಂದು ಒಳಗೆ ಹೋದವರನ್ನು ಕಾಸರಗೋಡಿನಲ್ಲಿ ತುಂಬ ಸಲ ನೋಡಿದ್ದೇನೆ. ಆ ಹೊತ್ತಿಗೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರ ಗುಚ್ಛ ದಿಗಂತದಿಂದ ಬರೀ 10 ಡಿಗ್ರಿ ಎತ್ತರದಲ್ಲಿ, ತೆಂಗಿನ ಮಡಲುಗಳ ಹಿಂದೆ ಇರುತ್ತದೆ. ನಾಲ್ಕು ಗಂಟೆ ಬಿಟ್ಟು ಬಂದಿದ್ದರೆ ಸಿಗುತ್ತಿತ್ತು.

ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳು ಉಂಡೆ ಕಟ್ಟಿದಂತಿರುವ ಗುಚ್ಛ ಇದು. ಪ್ಯಾರಿಸ್‌ನಲ್ಲಿ ಇದು ಹುಟ್ಟುವುದೇ ಇಲ್ಲ. ಅಲ್ಲಿಂದ ನೋಡಿದ ಫ್ರೆಂಚ್ ಖಗೋಳಜ್ಞ ಮೆಸಿಯೆ ಮಾಡಿದ ಗುಚ್ಛ, ನೀಹಾರಿಕೆಗಳ ಹೆಸರಾಂತ ಪಟ್ಟಿಯಲ್ಲಿ ಇದು ಇಲ್ಲದಿರುವುದು ಅದಕ್ಕೇ. ನಮ್ಮಲ್ಲಿ 30 ಡಿಗ್ರಿ ಏರುತ್ತದೆ. ಇಷ್ಟು ಒಳ್ಳೆಯ ಜಾಗದಲ್ಲಿದ್ದೂ ನೋಡದೆ ಬಿಡಬಾರದು.

1. ಗಂಟೆ ಲೆಕ್ಕ ಹಾಕಿ. ಎಲ್ಲರೂ ತಪ್ಪುವುದು ಇಲ್ಲೇ. ಯಾವುದೇ ನಕ್ಷತ್ರ ದಿನಕ್ಕೆ 4 ನಿಮಿಷ ಬೇಗ ಬರುತ್ತದೆ, ಅಂದರೆ ತಿಂಗಳಿಗೆ 2 ಗಂಟೆ. ಒಮೆಗಾ ಸೆಂಟಾರಿ ಏಪ್ರಿಲ್ 15ರ ಸುಮಾರಿಗೆ ನಡುರಾತ್ರಿ ನೇರ ದಕ್ಷಿಣಕ್ಕೆ ಬಂದು ತನ್ನ ಅತಿ ಎತ್ತರದಲ್ಲಿರುತ್ತದೆ. ಆದರೆ ಆ ನಡುರಾತ್ರಿ ನಮ್ಮ ಗಡಿಯಾರದ 12 ಗಂಟೆ ಅಲ್ಲ! ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಕಾಸರಗೋಡು ಇರುವುದು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಾವು ಅರ್ಧ ಗಂಟೆ ಹಿಂದೆ. ಹಾಗಾಗಿ ಕೈಯಲ್ಲಿ ತಿರುಗಿಸುವ ನಕ್ಷತ್ರ ಚಕ್ರ (ಯಾವ ದಿನ, ಎಷ್ಟು ಹೊತ್ತಿಗೆ ಆಕಾಶ ಹೇಗಿರುತ್ತದೆಂದು ತೋರಿಸುವ ರಟ್ಟಿನ ನಕ್ಷೆ) ತೋರಿಸುವ ಸಮಯಕ್ಕೆ 30 ನಿಮಿಷ ಸೇರಿಸಲೇಬೇಕು. ವಿಷುವಿಗೆ 12.30, ಮಾರ್ಚ್ 15ಕ್ಕೆ 2.30, ಮೇ 15ಕ್ಕೆ 10.30. ಇದರ ಹಿಂದೆ ಒಂದು ಗಂಟೆ, ಮುಂದೆ ಒಂದು ಗಂಟೆ ಎತ್ತರ ಹೆಚ್ಚೇನೂ ಇಳಿಯುವುದಿಲ್ಲ. ಮೂರು ಗಂಟೆ ಆಚೀಚೆಯಾದರೆ 18 ಡಿಗ್ರಿಗೆ ಬಂದಿರುತ್ತದೆ, ಮಬ್ಬಿನಲ್ಲಿ ಮುಳುಗುತ್ತದೆ.

ಮೊಬೈಲಿನ ಸ್ಟೆಲ್ಲೇರಿಯಂ ಎಂಬ ಆಕಾಶ ನಕ್ಷೆಯ ಆ್ಯಪ್‌ನಲ್ಲಿ ಊರು ಸರಿಯಾಗಿ ಹಾಕಿದ್ದರೆ ಈ ಅರ್ಧ ಗಂಟೆಯನ್ನು ಅದೇ ನೋಡಿಕೊಳ್ಳುತ್ತದೆ. ಆದರೂ ಲೆಕ್ಕ ಕಲಿತಿರಿ. ಇನ್ನೊಂದು ಸುಲಭದ ಗುರುತೂ ಇದೆ: ಚಿತ್ರಾ ನಕ್ಷತ್ರ. ಅದು ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಾಗ ಒಮೆಗಾ ಸೆಂಟಾರಿ ಅದರ ನೇರ ಕೆಳಗಿರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ 10 ಡಿಗ್ರಿ. ಚಿತ್ರಾದಿಂದ ಮೂರೂವರೆ ಮುಷ್ಟಿ ಕೆಳಗೆ ಹುಡುಕಿ.

2. ಚಂದ್ರನನ್ನು ನೋಡಿ. ಅಮಾವಾಸ್ಯೆಯೇ ಆಗಬೇಕೆಂದು ಕಾಯಬೇಡಿ. ಅಡುಗೆ ಕೋಣೆಯ ಕ್ಯಾಲೆಂಡರಿನಲ್ಲಿ ತಿಥಿ ಇರುತ್ತದಲ್ವಾ, ಕೃಷ್ಣ ದಶಮಿಯಿಂದ ಶುಕ್ಲ ಪಂಚಮಿವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪಂಚಮಿಯ ಚಂದ್ರ ರಾತ್ರಿ 11ರ ಸುಮಾರಿಗೆ ಮುಳುಗುತ್ತಾನೆ, ದಶಮಿಯವನು ಹುಟ್ಟುವುದು 2 ಗಂಟೆ ಕಳೆದ ಮೇಲೆ. ನಡುವಿನ ಹೊತ್ತು ನಿಮ್ಮದು. ಚೈತ್ರ ಹುಣ್ಣಿಮೆಯನ್ನು ಮಾತ್ರ ಬಿಟ್ಟೇ ಬಿಡಿ. ಆ ರಾತ್ರಿ ಚಂದ್ರ ಚಿತ್ರಾದ ಹತ್ತಿರವೇ ಇರುತ್ತಾನೆ. ತಿಂಗಳಿಗೆ ಆ ಹೆಸರು ಬಂದದ್ದೂ ಅದರಿಂದಲೇ.

3. ಜಾಗ. ದಕ್ಷಿಣ ತೆರೆದಿರಬೇಕು. ಹಗಲಲ್ಲೇ ಹೋಗಿ ಮುಷ್ಟಿಯಿಂದ ಅಳೆಯಿರಿ. ಮರಗಳು ಎರಡು ಮುಷ್ಟಿಗಿಂತ ಕೆಳಗಿದ್ದರೆ ಸಾಕು. ಅಡಿಕೆ ತೋಟದ ನಡುವೆ ಇದು ಆಗುವುದಿಲ್ಲ. ಮುರಕಲ್ಲಿನ ಪದವು (ಗುಡ್ಡದ ಮೇಲಿನ ಬಯಲು) ಒಳ್ಳೆಯದು.

4. ಮೋಡ. ಜೂನ್ ಬಂತೆಂದರೆ ಮಳೆಗಾಲ, ಈ ವರ್ಷದ ಆಟ ಮುಗಿಯಿತು. ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಬೇಸಿಗೆ ಮಳೆ ಒಂದು ಸುರಿದು ಮೋಡ ಸರಿದ ರಾತ್ರಿ ಸಿಕ್ಕರೆ ನಿದ್ದೆ ಬಿಟ್ಟು ಏಳಿ. ದೂಳು ತೊಳೆದುಹೋಗಿರುತ್ತದೆ, ಚುಕ್ಕಿಗಳು ಕೆಳಗಿನವರೆಗೂ ಚೂಪಾಗಿ ಕಾಣುತ್ತವೆ.

ಡಬ್ಬದ ಮೇಲೆ "525 ಪಟ್ಟು" ಎಂದು ಅಚ್ಚು ಹಾಕಿದ ಪುಟ್ಟ ಟೆಲಿಸ್ಕೋಪ್ ಖಂಡಿತ ಕೊಳ್ಳಬೇಡಿ. ಅದರ ಕಾಲುಗಳು ಗಾಳಿಗೇ ನಡುಗುತ್ತವೆ, ಬಿಂಬ ಕೆಸರಿನಂತೆ. ಮೊದಲಿಗೆ 10x50 (10 ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ಮೊಣಕೈ ಊರಲು ಕುರ್ಚಿ ಇರಲಿ.

ಹೊರಗೆ ಬಂದ ಮೇಲೆ ಅರ್ಧ ಗಂಟೆ ಮೊಬೈಲ್ ಮುಟ್ಟಬೇಡಿ. ಒಂದೇ ಒಂದು ಸಲ ಪರದೆ ನೋಡಿದರೂ ಕಣ್ಣು ಮತ್ತೆ ಮೊದಲಿನಿಂದ ಕತ್ತಲೆಗೆ ಒಗ್ಗಬೇಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಬರಿಗಣ್ಣಿಗೆ ಒಮೆಗಾ ಸೆಂಟಾರಿ ಒರೆಸಿ ಮಸುಕಾದ ಚುಕ್ಕಿಯಂತೆ ಕಾಣುತ್ತದೆ. ಬೈನಾಕ್ಯುಲರಿನಲ್ಲಿ ದುಂಡಗಿನ, ನಡುವೆ ಬೆಳಕು ಜಾಸ್ತಿ ಇರುವ ಹತ್ತಿಯ ಉಂಡೆ. ನೇರ ಅದನ್ನೇ ದಿಟ್ಟಿಸದೆ ಕಣ್ಣು ಸ್ವಲ್ಪ ಬದಿಗೆ ಸರಿಸಿ, ಅಂಚು ಇನ್ನೂ ಅಗಲವಾಗುತ್ತದೆ.